ತಂಪಕ್ಕನ ಮೂಗು

ಬೆಳಕು ಈಗಷ್ಟೇ ಹರಿಯುತ್ತಿದೆ. ಅರ್ಧ ಎತ್ತಿದ ಶೆಟರ್ ಮುಂದೆ ಶಾಲೆಯ ಮಕ್ಕಳನ್ನು ಸಾಗಿಸುವ ವ್ಯಾನ್ ನಿಂತಿದೆ. ಎಸಿ ಹಾಕಿದರೆ ಬಿಸಿಗಾಳಿ ಬರುತ್ತದೆ ಎಂಬುದು ಚಾಲಕನ ದೂರು. ಬೀದಿಯವರೆಲ್ಲ ತಂಪಕ್ಕ ಎಂದು ಕರೆಯುವ ಮೆಕ್ಯಾನಿಕ್ ಬಾನೆಟ್ ಮುಟ್ಟುವುದಿಲ್ಲ. ಮೊದಲು ಒಳಗೆ ಕೂತು, ಗಾಳಿ ಬರುವ ಕಿಂಡಿಗೆ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚುತ್ತಾರೆ.

"ಬೇಗ ಗ್ಯಾಸ್ ತುಂಬಿಬಿಡಿ ಅಕ್ಕ, ಮಕ್ಕಳು ಕಾಯ್ತಿರ್ತಾರೆ."

"ಗ್ಯಾಸ್ ಏನು ಪೆಟ್ರೋಲಾ, ಓಡಿಸಿದಷ್ಟೂ ಖರ್ಚಾಗೋಕೆ? ಕಮ್ಮಿಯಾಗಿದ್ರೆ ಎಲ್ಲೋ ತೂತಿದೆ. ಹಾಗೇ ತುಂಬಿದ್ರೆ ಒಡೆದ ಕೊಡದಲ್ಲಿ ನೀರು ಹೊತ್ತ ಹಾಗೆ."

ತಂಪಕ್ಕನ ಅಪ್ಪ ಫ್ರಿಜ್ ರಿಪೇರಿ ಮಾಡುತ್ತಿದ್ದವರು. ಮದುವೆಯಾದ ವರ್ಷದೊಳಗೇ ಮಗಳು ತವರಿಗೆ ವಾಪಸ್ಸು ಬಂದಾಗ, "ಅಳೋದಾದ್ರೆ ಒಳಗೆ ಹೋಗಿ ಅಳು. ಇಲ್ಲಾಂದ್ರೆ ಈ ಪೈಪ್ ಹಿಡ್ಕೋ" ಎಂದರಂತೆ. ಇವರು ಪೈಪ್ ಹಿಡಿದರು. ಅಪ್ಪ ಹೋದ ಮೇಲೆ ಫ್ರಿಜ್ ಬಿಟ್ಟು ಕಾರಿಗೆ ಬಂದರು. ತಮ್ಮನನ್ನು ಸಾಕಿ, ಕೆಲಸ ಕಲಿಸಿ, ಹಿಂದಿನ ಬೀದಿಯಲ್ಲಿ ಅಂಗಡಿಯನ್ನೂ ಹಾಕಿಕೊಟ್ಟರು.

ದಿನಕ್ಕೆ ಏಳೆಂಟು ಗಾಡಿ ಬರುತ್ತವೆ. "ಅರ್ಧಕ್ಕರ್ಧ ಕೆಟ್ಟಿರೋದೇ ಇಲ್ಲ. ಮುಂದಿನ ಜಾಲರಿಯಲ್ಲಿ ಧೂಳು ಕೂತಿರ್ತದೆ. ನೀರು ಹೊಡೆದು ಕಳಿಸ್ತೀನಿ. 'ಇಷ್ಟೇನಾ' ಅಂತ ಮುಖ ಸಣ್ಣ ಮಾಡ್ಕೋತಾರೆ. ದೊಡ್ಡ ಕಾಯಿಲೆ ಇರಬೇಕಿತ್ತೇನೋ ಅವರಿಗೆ!"

ವ್ಯಾನಿನ ಕನ್ನಡಿಯಲ್ಲಿ ಸೆಂಟಿನ ಪುಟ್ಟ ಬಾಟಲಿಗಳ ಗೊಂಚಲೇ ತೂಗುತ್ತಿದೆ.

"ಇದೇನಪ್ಪಾ, ಮದುವೆ ಗಾಡಿನಾ?"

"ಎಸಿ ಹಾಕಿದ್ರೆ ವಾಸನೆ ಅಂತಾರೆ ಅಕ್ಕ, ಮಕ್ಕಳು. ಅದಕ್ಕೆ."

ತಂಪಕ್ಕ ಕಿಂಡಿಗೆ ಮೂಗು ಹಚ್ಚುತ್ತಾರೆ. ತಕ್ಷಣ ಕೀಲಿ ತಿರುಗಿಸಿ ಎಂಜಿನ್ ಆರಿಸುತ್ತಾರೆ.

"ಇಳಿ. ಕಿವಿ ಮೇಲಿನ ಸಿಗರೇಟ್ ಎಸೆ. ಬೆಂಕಿಪೊಟ್ಟಣಾನೂ."

ಇಬ್ಬರೂ ವ್ಯಾನನ್ನು ಎದುರಿನ ಬಯಲಿಗೆ ತಳ್ಳಿ, ಬಾಗಿಲುಗಳನ್ನೆಲ್ಲ ತೆರೆದಿಡುತ್ತಾರೆ. ಆಮೇಲೆ ತಂಪಕ್ಕ ವಿವರಿಸುತ್ತಾರೆ. "ಒಲೆಗೆ ಹಾಕೋ ಗ್ಯಾಸು ಅದು. ಎಸಿಗೆ ತುಂಬಿದ್ದಾರೆ. ತಣ್ಣಗೇನೋ ಆಗ್ತದೆ. ಸೋರಿದ್ರೆ ಮಕ್ಕಳ ಕಾಲಬುಡದಲ್ಲಿ ತುಂಬ್ಕೊಳ್ತದೆ. ಒಂದು ಕಿಡಿ ಸಾಕು. ಯಾರು ಹಾಕಿದ್ದು?"

ಚಾಲಕ ನೆಲ ನೋಡುತ್ತಾನೆ. "ನಿಮ್ಮ ತಮ್ಮ. ಅಕ್ಕನ ಕೈಯಲ್ಲೇ ಕಲಿತದ್ದು ಅಂದ್ರು. ನಂಬಿದೆ."

ತಂಪಕ್ಕ ಅಲ್ಲೇ ಕೂರುತ್ತಾರೆ. ಚಾಲಕ ಒಂದೊಂದೇ ಮನೆಗೆ ಫೋನ್ ಮಾಡಿ, ಮಕ್ಕಳನ್ನು ನೀವೇ ಶಾಲೆಗೆ ಬಿಡಿ ಎನ್ನುತ್ತಿದ್ದಾನೆ. ತಂಪಕ್ಕ ಫೋನನ್ನು ನೆಲದ ಮೇಲಿಟ್ಟು, ಸ್ಪೀಕರ್ ಹಾಕಿ ತಮ್ಮನಿಗೆ ಕರೆ ಮಾಡುತ್ತಾರೆ.

"ಸರಿಯಾದ ಗ್ಯಾಸ್ ಸಿಗಲಿಲ್ಲ ಅಕ್ಕ. ಗಿರಾಕಿಗಳು ಬಿಡಲಿಲ್ಲ. ಬೇರೆಯವರೂ ಹಾಕ್ತಾರೆ. ಏನೂ ಆಗಿಲ್ವಲ್ಲ."

"ಆಗೋವರೆಗೂ ಕಾಯೋಣ್ವಾ? ಇನ್ನೆಷ್ಟು ಗಾಡಿಗೆ ಹಾಕಿದ್ದೀಯ?"

"ಐದು. ಅಲ್ಲ, ಆರು."

"ಎಲ್ಲರಿಗೂ ಫೋನ್ ಮಾಡು. ಇದ್ದಲ್ಲೇ ನಿಲ್ಲಿಸಿ ಬಾಗಿಲು ತೆಗೆದಿಡಲಿ. ಹತ್ತಿರ ಬೆಂಕಿ ಬೇಡ. ಸಾಮಾನು ಹೊತ್ಕೊಂಡು ಬಾ. ಮನೆಮನೆಗೆ ಹೋಗೋಣ."

ಬಿಸಿಲು ನೆತ್ತಿಗೇರುವವರೆಗೆ ಅಕ್ಕ ತಮ್ಮ ಸ್ಕೂಟರಿನಲ್ಲಿ ಸುತ್ತುತ್ತಾರೆ. ಪ್ರತಿ ಮನೆಯ ಮುಂದೆಯೂ ತಂಪಕ್ಕ ಮೊದಲು ಹೇಳುವ ಮಾತು ಒಂದೇ: "ತಪ್ಪು ನಮ್ಮದು." ಒಬ್ಬ ಮುದುಕಿ ತಮ್ಮನ ಮೇಲೆ ಕೈಯೆತ್ತುತ್ತಾಳೆ. ತಂಪಕ್ಕ ತಡೆಯುವುದಿಲ್ಲ. ಗಾಡಿಯನ್ನು ಬಯಲಿಗೆ ಒಯ್ದು ಗ್ಯಾಸನ್ನು ಮೆಲ್ಲಗೆ ಹೊರಬಿಡುತ್ತಾರೆ. ಪಕ್ಕದಲ್ಲಿ ನಿಂತ ತಮ್ಮ, ಬೀಡಿ ಸೇದುತ್ತ ಬರುವವರನ್ನು ದೂರ ಕಳಿಸುತ್ತಾನೆ.

ಐದು ಗಾಡಿ ಮುಗಿದವು. ಆರನೆಯದು ದಾರಿಹೋಕರದು. ದೂರದೂರಿಗೆ ಹೊರಟಿದ್ದ ಸಂಸಾರ, ಎಸಿ ತಣ್ಣಗಾಯಿತೆಂದು ಖುಷಿಯಾಗಿ ಹೋದವರು. ಅವರ ಫೋನ್ ನಂಬರ್ ತಮ್ಮನ ಬಳಿ ಇಲ್ಲ. ಅವನು ಪೆಟ್ರೋಲ್ ಬಂಕುಗಳಲ್ಲಿ ವಿಚಾರಿಸಲು ಹೆದ್ದಾರಿಯತ್ತ ಹೋಗಿದ್ದಾನೆ. ತಂಪಕ್ಕ ಪೊಲೀಸ್ ಠಾಣೆಗೂ ಹೋಗಿ ಹೇಳಿ ಬಂದಿದ್ದಾರೆ.

ಪತ್ರಿಕೆಯ ಈ ಬರಹಕ್ಕೆ ಒಂದು ಫೋಟೋ ಕೇಳಿದರೆ ಬೇಡವೆಂದು ಕೈಯಾಡಿಸುತ್ತಾರೆ.

"ಆ ಜಾಗದಲ್ಲಿ ಇದನ್ನ ಹಾಕಿ. ಬೂದು ಬಣ್ಣದ ಕಾರು, ಹಿಂದಿನ ಗಾಜಲ್ಲಿ ಬಿರುಕು. ಮುಂದೆ ಗಂಡ ಹೆಂಡತಿ, ಹಿಂದೆ ಒಂದು ಮಗು. ಎಸಿ ಹಾಕಬೇಡಿ, ಮಗೂನ ಇಳಿಸ್ಕೊಳ್ಳಿ ಅಂತ ಬರೀರಿ. ದೊಡ್ಡಕ್ಷರದಲ್ಲಿ."