ಬುಗುರಿ ಟೀಚರ್ ಮತ್ತು ಮೂಲೆಯ ಕೊರಡು

ವಿಜ್ಞಾನದ ಟೀಚರು ಕುರ್ಚಿಯಲ್ಲಿ ಕೂತದ್ದನ್ನು ಕಂಡವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರುವವರು. ಮಕ್ಕಳು ಇಟ್ಟ ಹೆಸರು ಬುಗುರಿ ಟೀಚರ್. "ಕುರ್ಚಿ ಆಸೆ ಇಲ್ದೋಳು, ರಾಜಕೀಯಕ್ಕೆ ಮಾತ್ರ ಲಾಯಕ್ಕಿಲ್ಲ ಕಣೆ" ಎಂದು ಗಂಡ ಛೇಡಿಸುತ್ತಿದ್ದ.

ಈ ಬಾರಿ ಭಾಷೆಯ ಮೇಷ್ಟ್ರ ಜೊತೆ ಸೇರಿ ಕಾಡಿನ ಪಾಠವನ್ನು ಇಬ್ಬರೂ ಒಟ್ಟಿಗೆ ಮಾಡುವ ಪೀರಿಯಡ್ ಒಂದನ್ನು ಹಟ ಹಿಡಿದು ಪಡೆದಿದ್ದರು. ಬೇರು, ಎಲೆ, ಮಣ್ಣು ಟೀಚರದು; ಮರದ ಬಾಯಲ್ಲಿ ಕಥೆ ಹೇಳಿಸುವುದು ಮೇಷ್ಟ್ರದು. ಶಾಲೆಯ ಮುಖ್ಯಸ್ಥೆ ದೊಡ್ಡ ಮೇಡಂ ಮಾತ್ರ, "ಒಂದಿನ ಬಂದು ಕೂತು ನೋಡ್ತೀನಿ. ಹುರುಳಿಲ್ಲ ಅನ್ನಿಸಿದ್ರೆ ಆ ಪೀರಿಯಡ್ ಗಣಿತಕ್ಕೆ" ಎಂದಿದ್ದರು. ಅಂದಿನಿಂದ ಕಾಡು ಟೀಚರನ್ನು ಕಾಡಿದ್ದೇ ಕಾಡಿದ್ದು.

ಆ ದಿನ ಬಂತು. ಸ್ಟಾಫ್ ರೂಮಿನಲ್ಲಿ ಬಾಗಿಲಿಗೂ ಕಿಟಕಿಗೂ ಶತಪಥ ಹಾಕುತ್ತ ಟೀಚರ್ ಕೇಳಿದರು: "ಸರ್, ಸತ್ತ ಮರದ ಆತ್ಮಕಥೆ ಬರೆಸಿದ್ರಲ್ವಾ?"

"ನೀವು ಕೊರಡು ತೋರಿಸಿ ಪಾಠ ಮಾಡ್ಲಿ ಅಂತ ಕಾಯ್ತಿದ್ದೆ. ಹುಳ ಹುಪ್ಪಟೆ ನಿಮ್ಮ ಇಲಾಖೆ."

"ಅಯ್ಯೋ! ನೀವು ಬರೆಸಿದ್ಮೇಲೆ ತೋರಿಸೋಣ ಅಂತ ನಾನು ಸುಮ್ನಿದ್ದೆ!"

ಹೀಗೆ 'ನೀವು ಮೊದಲು, ನೀವು ಮೊದಲು' ಎಂಬ ಮರ್ಯಾದೆಯಲ್ಲಿ, ಇಬ್ಬರೂ ಬೆವರು ಸುರಿಸಿ ಹೊತ್ತು ತಂದ ಕೊರಡು ತರಗತಿಯ ಮೂಲೆಯಲ್ಲಿ ಒದ್ದೆ ಗೋಣಿಯಡಿ ಹಾಗೇ ಬಿದ್ದಿತ್ತು. ಮುಟ್ಟಬಾರದೆಂದು ಮಕ್ಕಳಿಗೆ ಹೇಳುವುದನ್ನು ಮಾತ್ರ ಇಬ್ಬರೂ ಮರೆತಿರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಬೇರು, ಕೊಂಬೆ, ಹಕ್ಕಿಗಳವರೆಗೆ ಮಕ್ಕಳು ಅರಳು ಹುರಿದಂತೆ ಹೇಳಿದರು. ಕೊನೆಗೆ, ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ದೊಡ್ಡ ಮೇಡಂ ತಾವೇ ಕೇಳಿದರು: "ಬಿದ್ದು ಸತ್ತ ಮರದಿಂದ ಕಾಡಿಗೇನು ಲಾಭ?"

"ಸೌದೆ, ಮೇಡಂ" ಎಂದಿತು ಒಂದು ದನಿ. "ಕಾಡಿಗೆ ಯಾಕಪ್ಪ ಸೌದೆ? ಅದೇನು ಒಲೆ ಹಚ್ಚುತ್ತಾ?" ಎನ್ನುತ್ತ ದೊಡ್ಡ ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಟೀಚರಿಗೆ ಇನ್ನು ನಿಂತಲ್ಲಿ ನಿಲ್ಲಲಾಗಲಿಲ್ಲ. ದಾಪುಗಾಲಿಟ್ಟು ಮೂಲೆಗೆ ಹೋಗಿ ಗೋಣಿ ಎಳೆದು, ಕೊರಡನ್ನು ಮಗ್ಗುಲು ಹೊರಳಿಸಿದರು. ಇರುವೆ, ಗೆದ್ದಲು, ಮೈತುಂಬ ಕಾಲಿನ ಜರಿಯೊಂದು ದಿಕ್ಕಾಪಾಲಾಗಿ ಹೊರಟವು. ದೊಡ್ಡ ಮೇಡಂ ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು.

"ಬರೀರಿ! ಕಂಡಿದ್ದನ್ನೆಲ್ಲ ಬರೀರಿ!" ಮೇಷ್ಟ್ರು ಕೂಗಿದರು.

ಬಾಯಿಗೆ ಬೀಗವಿಲ್ಲದ, ರೇಡಿಯೋ ಎಂದೇ ಹೆಸರಾದ ಹುಡುಗಿ ಮೊದಲು ಎದ್ದು ಓದಿದಳು: "ಮಾಲೀಕ ಸತ್ತಿದ್ದಾನೆ. ಮನೆ ತುಂಬ ಬಾಡಿಗೆಯವರು. ಬಾಡಿಗೆ ಕೊಡೋ ಬದಲು ಮನೆಯನ್ನೇ ತಿಂದು ಮಣ್ಣು ಮಾಡ್ತಿದ್ದಾರೆ."

"ಆ ಮಣ್ಣಲ್ಲಿ?" ಟೀಚರ್ ಕೇಳಿದರು.

"ಹೊಸ ಮರ!" ಇಡೀ ತರಗತಿ ಕೂಗಿತು.

ದೊಡ್ಡ ಮೇಡಂ ಪೆನ್ನು ಮುಚ್ಚಿದರು. "ಪೀರಿಯಡ್ ನಿಮ್ಗೇ ಇರ್ಲಿ. ಆದ್ರೆ ಈ ಮನೆ ಬಾಡಿಗೆಯವರ ಸಮೇತ ಆಚೆ ಹೋಗ್ಬೇಕು."

"ನಾವೂ ಆಚೆ ಹೋಗ್ಬಹುದಾ ಮೇಡಂ?" ಎಂದರು ಟೀಚರ್.

"ಹೋಗಿ ತಾಯಿ. ಮೊದಲು ಆ ಜರಿ ಹೋಗ್ಲಿ, ನಾನು ಕೆಳಗಿಳೀಬೇಕು."

ಕೊರಡು ಅಂಗಳದ ಮರದ ಬುಡ ಸೇರಿತು. ಮಕ್ಕಳು ಸುತ್ತ ಕೂತರು. ಟೀಚರ್ ಅವರ ಸುತ್ತ ತಿರುಗತೊಡಗಿದರು.

"ಗೆದ್ರಲ್ಲ, ಇನ್ನಾದ್ರೂ ಕೂತ್ಕೊಳ್ಳಿ" ಎಂದರು ಮೇಷ್ಟ್ರು.

"ಕೂರೋದು ಆಮೇಲೆ. ನಾಳೆ ಅಣಬೆ ಪಾಠ, ಮೊದಲು ನೀವಾ ನಾನಾ? ಈಗ್ಲೇ ಹೇಳ್ಬಿಡಿ."