ಅಲ್ಲಲ್ಲಿ ಮಳೆ

ನನ್ನ ಕಿಟಕಿಯ ಕಟ್ಟೆಯ ಮೇಲೆ ಒಂದು ಹಸಿ ಇಟ್ಟಿಗೆ ಇದೆ. ಸುಡದೆ ಉಳಿದ ಇಟ್ಟಿಗೆ. ಮೋಡ ಕಟ್ಟಿ ಗಾಳಿಯಲ್ಲಿ ತೇವ ಏರಿತೆಂದರೆ ಸಾಕು, ಅದು ವಾಸನೆ ಬಿಡುತ್ತದೆ: ಹೊಳೆದಂಡೆಯ ಜೇಡಿಮಣ್ಣು, ಭತ್ತದ ಹೊಟ್ಟು, ಸ್ವಲ್ಪ ಬೂದಿ, ಮೂರೂ ಕಲೆತ ಒಂದು ವಾಸನೆ. ಮನೆಗೆ ಬಂದವರು ಇದನ್ನೇಕೆ ಇಟ್ಟುಕೊಂಡಿದ್ದೀರಿ ಎನ್ನುತ್ತಾರೆ. ನೋಡಲು ಚೆಂದವೇನೂ ಇಲ್ಲ, ಒಪ್ಪಿದೆ. ಒಂದು ಮೂಲೆ ಮುಕ್ಕಾಗಿದೆ. ಒಂದು ಮಗ್ಗುಲಲ್ಲಿ ನಾಲ್ಕು ಬೆರಳುಗಳ ಗುರುತು ಒತ್ತಿಕೊಂಡಿದೆ. ಅವು ನನ್ನ ಅಪ್ಪನ ತಂಗಿ ನಂಜತ್ತೆಯ ಬೆರಳುಗಳು. ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಬೇಡದ ವಸ್ತು ಇದ್ದೀತು, ಎಸೆಯಲು ಹೋದಾಗಲೆಲ್ಲ ಕೈ ತಡೆಯುವಂಥದ್ದು. ನನಗೆ ಈ ಇಟ್ಟಿಗೆಯ ವಾಸನೆ ಮೂಗಿಗೆ ಬಿದ್ದ ಕೂಡಲೇ ಹಾಸನದ ಗಾಳಿ ಆಫೀಸು ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಗಾಳಿ ಆಫೀಸು ಎಂಬುದು ಜನ ಇಟ್ಟ ಹೆಸರು. ಸರ್ಕಾರದ ಹೆಸರು ಹವಾಮಾನ ವೀಕ್ಷಣಾಲಯ, ಅದನ್ನು ಯಾರ ನಾಲಿಗೆಯೂ ಪೂರ್ತಿ ಹೇಳಿದ್ದು ನಾನು ಕೇಳಿಲ್ಲ. ಮಹಾರಾಜರ ಕಾಲದಲ್ಲಿ, ಅವರ ಮೇಲೆ ಬಿಳಿಯರಿದ್ದ ಕಾಲದಲ್ಲಿ ಕಟ್ಟಿದ ದಪ್ಪ ಗೋಡೆಯ ಕಟ್ಟಡ. ತಾರಸಿಯ ಮೇಲೆ ದಿಕ್ಕು ತೋರುವ ಕಬ್ಬಿಣದ ಬಾಣ. ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ, ಪಟ್ಟಿಪಟ್ಟಿ ಗೋಡೆಯ ಬಿಳಿ ಮರದ ಪೆಟ್ಟಿಗೆ. ದಾರಿಹೋಕರು ಪಾರಿವಾಳದ ಗೂಡೆಂದು ತಿಳಿದು ಪಾರಿವಾಳ ಎಲ್ಲಿ ಎಂದು ಹುಡುಕುತ್ತಿದ್ದರು. ಒಳಗಿದ್ದದ್ದು ಉಷ್ಣತೆ ಅಳೆಯುವ ಕಡ್ಡಿಗಳು. ಅವುಗಳಲ್ಲಿ ಒಂದರ ತುದಿಗೆ ಸದಾ ಒದ್ದೆ ಮಲ್ಲಿನ ಬಟ್ಟೆ ಸುತ್ತಿರುತ್ತಿತ್ತು. ನಮ್ಮ ಮನೆ ಬೇಲಿಯ ಈಚೆಗೆ. ಅಪ್ಪ ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ ಆ ಪೆಟ್ಟಿಗೆಯ ಬಾಗಿಲು ತೆರೆಯುತ್ತಿದ್ದರು. ಮನೆಗೆ ನೆಂಟರು ಬಂದಿರಲಿ, ಹಬ್ಬವಿರಲಿ, ಇದು ತಪ್ಪಿದ್ದಿಲ್ಲ. ನನ್ನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರದ ನಡುವೆಯೂ ಗಡಿಯಾರ ನೋಡಿ ಎದ್ದು ಹೋದರಂತೆ. ಅವ್ವ ಅದನ್ನು ಕೊನೆಯವರೆಗೂ ಮರೆಯಲಿಲ್ಲ, ನಮಗೂ ಮರೆಯಗೊಡಲಿಲ್ಲ.

ಅಳತೆಗಳನ್ನು ಅಪ್ಪ ಐದೈದು ಅಂಕಿಗಳ ಗುಂಪಾಗಿ ಬರೆದುಕೊಂಡು ತಂತಿ ಕಚೇರಿಗೆ ಓಡುತ್ತಿದ್ದರು. ಆ ತಂತಿಯಲ್ಲಿ ಒಂದು ಮಾತೂ ಇರುತ್ತಿರಲಿಲ್ಲ, ಬರೀ ಅಂಕಿ. ಅವು ಬೆಂಗಳೂರಿಗೆ, ಅಲ್ಲಿಂದ ಇನ್ನೂ ದೊಡ್ಡ ಕಚೇರಿಗಳಿಗೆ ಹೋಗಿ, ಬೇರೆ ಊರುಗಳ ಅಂಕಿಗಳ ಜೊತೆ ಒಂದು ನಕ್ಷೆಯ ಮೇಲೆ ಕೂರುತ್ತಿದ್ದವಂತೆ. ಅದನ್ನು ನೋಡಿ ಬಂದರುಗಳಿಗೆ ಸುದ್ದಿ ಕೊಡುತ್ತಿದ್ದರು. ಬಂದರಿನವರು ಎತ್ತರದ ಕಂಬಕ್ಕೆ ಬುಟ್ಟಿಯಂಥ ಕಪ್ಪು ಆಕಾರಗಳನ್ನು ಏರಿಸುತ್ತಿದ್ದರು. ಬುಟ್ಟಿ ಕಂಡರೆ ಹಡಗು ಹೊರಡುತ್ತಿರಲಿಲ್ಲ, ನಡುನೀರಲ್ಲಿದ್ದವರಿಗೆ ವೈರ್‌ಲೆಸ್ಸಿನಲ್ಲಿ ಹೇಳುತ್ತಿದ್ದರು. "ಬಿಳಿಯರು ಈ ಆಫೀಸು ಮಾಡಿಸಿದ್ದು ನಮ್ ರಾಗಿಗಲ್ಲ, ಅವರ ಹಡಗಿಗೆ" ಎಂದು ಅಪ್ಪ ನಗುತ್ತಿದ್ದರು. ಹಾಗೆಂದರೂ ಒಳಗೊಳಗೇ ಅವರಿಗೊಂದು ಹೆಮ್ಮೆ ಇತ್ತು. ಅವ್ವನಿಗೆ ಇದೆಲ್ಲ ತಮಾಷೆ. "ಕೆರೆ ಬಿಟ್ರೆ ಬ್ಯಾರೆ ನೀರು ಕಾಣ್ದೋರು, ಅಡಗಿಗೆ ದಾರಿ ಏಳ್ತಾರೆ" ಎನ್ನುತ್ತಿದ್ದಳು.

ಊರಿನವರಿಗಾಗಿ ಇದ್ದದ್ದು ಗೇಟಿನ ಪಕ್ಕದ ಕಪ್ಪು ಹಲಗೆ. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಮುನ್ಸೂಚನೆಯ ತಂತಿ ಬರುತ್ತಿತ್ತು. ಅಪ್ಪ ಅದನ್ನು ಕನ್ನಡ ಮಾಡಿ ಚೀಟಿಯಲ್ಲಿ ಬರೆದುಕೊಟ್ಟರೆ ಸೀಮೆಸುಣ್ಣದಲ್ಲಿ ಹಲಗೆಗೆ ಇಳಿಸುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿತ್ತು, ಆ ಜಂಬವೂ ನನಗಿತ್ತು. ಮಳೆಗೆ ಅಪ್ಪನ ಬಳಿ ಮೂರೇ ಪದ: ಎಲ್ಲೆಡೆ, ಹಲವೆಡೆ, ಅಲ್ಲಲ್ಲಿ. ಬೇಸಿಗೆಯ ಕೊನೆಯಲ್ಲಿ, ಭರಣಿ ಮಳೆಯ ದಿನಗಳಲ್ಲಿ, ದಿನಾ ಒಂದೇ ಸಾಲು. "ಜಿಲ್ಲೆಯ ಅಲ್ಲಲ್ಲಿ ಗುಡುಗು ಸಹಿತ ಮಳೆ." ಈ ಅಲ್ಲಲ್ಲಿ ಎಂಬುದು ಊರಿಗೇ ನಗೆಪಾಟಲಾಗಿತ್ತು. ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರ್ ಕಾಳಪ್ಪ ನಮ್ಮ ಗೇಟಿನ ಮುಂದೆ ಬಸ್ಸು ನಿಧಾನವಾದಾಗ ಹಲಗೆ ಓದಿ, ಒಳಗಿದ್ದವರಿಗೆ ಕೂಗಿ ಹೇಳುತ್ತಿದ್ದ. "ಅಲ್ಲಲ್ಲಿ ಅಂದ್ರೆ ಇಲ್ಲಿಲ್ಲ ಅಂತ ಕಣ್ರಪ್ಪೋ!" ಬಸ್ಸೆಲ್ಲ ನಗುತ್ತಿತ್ತು. ಬರಬರುತ್ತಾ ಸಂತೆಯಲ್ಲೂ ಹೋಟೆಲಿನಲ್ಲೂ ಅದೇ ಮಾತಾಯಿತು. ಮಕ್ಕಳು ಕೂಡ ಪಾಠ ಒಪ್ಪಿಸುವಂತೆ ಹೇಳುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ. ನನ್ನನ್ನು ಕೂರಿಸಿಕೊಂಡು ಒಮ್ಮೆ ಬಿಡಿಸಿ ಹೇಳಿದ್ದರು. "ಅಲ್ಲಲ್ಲಿ ಅಂದ್ರೆ ಅರಕಲಗೂಡಾಗ್ಬೋದು, ಹೊಳೆನರಸೀಪುರ ಆಗ್ಬೋದು, ನಮ್ ಹಿತ್ಲೂ ಆಗ್ಬೋದು. ಎಲ್ಲಿ ಅಂತ ಮೋಡಕ್ಕೇ ಗೊತ್ತಿರಲ್ಲ ಮಗಳೆ." ನನಗೆ ಅರ್ಥವಾಗಿತ್ತು. ಚೆನ್ನಾಗಿಯೇ ಅರ್ಥವಾಗಿತ್ತು ಎಂಬುದನ್ನು ಇಲ್ಲಿ ಬರೆದಿಡಬೇಕು.

ನಂಜತ್ತೆಯನ್ನು ಹೊಳೆನರಸೀಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡು, ಮೈದುನನ ಮನೆಯ ನಡುಮನೆಯ ಮೂಲೆಯಲ್ಲಿ ಒಂದು ಟ್ರಂಕು, ಒಂದು ಚಾಪೆ, ಅಷ್ಟು ಅವಳ ಸಂಸಾರ. ಅಡುಗೆ ಅವಳದು, ಒಲೆ ಅವಳದಲ್ಲ. ಮನೆಯ ಹಿಂದಿನ ಖಾಲಿ ಜಾಗದಲ್ಲಿ ತನಗೊಂದು ಒಂಟಿ ಕೋಣೆ ಕಟ್ಟಿಕೊಳ್ಳುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು. ಮೈದುನ ಹ್ಞೂಂ ಎಂದಿದ್ದ, ಆದರೆ ಒಂದು ಕಟ್ಟುಪಾಡು ಹಾಕಿದ್ದ. ಮುಂಗಾರು ಹಿಡಿಯುವುದರೊಳಗೆ ಗೋಡೆ ಏಳದಿದ್ದರೆ ಅಲ್ಲಿ ದನದ ಕೊಟ್ಟಿಗೆ ಏಳುತ್ತದೆ. ಅತ್ತೆ ಆ ಬೇಸಿಗೆಯೆಲ್ಲ ಹೇಮಾವತಿಯ ದಂಡೆಯಲ್ಲಿ ತಾನೇ ಮಣ್ಣು ತುಳಿದು, ಅಚ್ಚಿಗೆ ಹಾಕಿ, ಒಂದು ಗೂಡು ಸುಡಲು ಬೇಕಾಗುವಷ್ಟು ಇಟ್ಟಿಗೆ ಒಣಹಾಕಿದ್ದಳು. ಇನ್ನೊಂದು ವಾರ ಬಿಸಿಲು ಕಂಡರೆ ಗೂಡು ಹಾಕಿ ಬೆಂಕಿ ಕೊಡುವುದು. ಸುಟ್ಟ ಇಟ್ಟಿಗೆಗೆ ಮಳೆ ಏನೂ ಮಾಡದು, ಹಸಿ ಇಟ್ಟಿಗೆಗೆ ಅರ್ಧ ಗಂಟೆಯ ಮಳೆ ಸಾಕು. ಅದಕ್ಕೇ ಮುಚ್ಚಲು ತೆಂಗಿನ ಗರಿ ಕಡಿದು ಪಕ್ಕದಲ್ಲಿ ಒಟ್ಟಿಕೊಂಡಿದ್ದಳು. ಮುಚ್ಚಲು ಕೈ ಮಾತ್ರ ಅವಳೊಬ್ಬಳದೇ.

ಅವತ್ತು ಅವಳು ಬಾಗಿಲ ಚೌಕಟ್ಟು ನೋಡಲು ಹಾಸನಕ್ಕೆ ಬಂದಿದ್ದಳು. ಬಡಗಿಯ ಹತ್ತಿರ ಮಾತು ಮುಗಿಸಿ ನಮ್ಮಲ್ಲಿ ಉಂಡು ಮೂರು ಗಂಟೆಯ ಬಸ್ಸಿಗೆ ವಾಪಸು ಹೋಗುವವಳು. ನನಗೋ ಬೇಸಿಗೆ ರಜ, ಜಾಜಿ ಮಲ್ಲಿಗೆಯ ಕಾಲ. ಮೊಗ್ಗಿನ ಜಡೆ ಹಾಕುವುದರಲ್ಲಿ ನಂಜತ್ತೆಯನ್ನು ಮೀರಿಸುವವರಿರಲಿಲ್ಲ. ತಾನು ಹೂ ಮುಡಿಯುವಂತಿರಲಿಲ್ಲ, ಆ ಆಸೆಯನ್ನೆಲ್ಲ ನನ್ನ ತಲೆಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. "ಇವತ್ತಿರು ಅತ್ತೆ, ನಾಳೆ ಜಡೆ ಹಾಕು" ಎಂದು ನಾನು ಬೆಳಗಿನಿಂದ ಅವಳ ಸೆರಗು ಬಿಟ್ಟಿರಲಿಲ್ಲ. ಮಧ್ಯಾಹ್ನ ಅಪ್ಪ ಚೀಟಿ ಕೊಟ್ಟು ಯಾವುದೋ ಕೆಲಸಕ್ಕೆ ಪೇಟೆಗೆ ಹೋದರು. ನಾನು ಹಲಗೆ ಬರೆದು ಕೈ ಕೊಡವುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಏನ್ ಬರ್ದಿದಿಯವ್ವ? ಮಳೆ ಐತಾ?"

"ಅಲ್ಲಲ್ಲಿ ಮಳೆ ಅಂತ."

"ಅಲ್ಲಲ್ಲಿ ಅಂದ್ರೆ ಇಲ್ಲಿಲ್ಲ ಅಂತ ತಾನೆ? ಬಸ್ಸಲ್ಲಿ ಅಂಗಂತಿದ್ರು."

ನಾನು ಅವಳ ಮುಖ ನೋಡಿದೆ. ಅವಳ ಇಟ್ಟಿಗೆಯ ವಿಚಾರ ನನಗೆ ಗೊತ್ತಿತ್ತು. ಪದದ ಅರ್ಥವೂ ಗೊತ್ತಿತ್ತು. "ಊಂ ಅತ್ತೆ, ಇಲ್ಲಿಲ್ಲ" ಎಂದೆ. ಅವಳು ನಿಟ್ಟುಸಿರು ಬಿಟ್ಟು ನಕ್ಕಳು. "ಅಂಗಾದ್ರೆ ನಾಳೀಕೆ ಊರ್ಗೆ ಓದ್ರಾಯ್ತು ಬುಡು. ನಡಿ, ಮೊಗ್ಗು ಕುಯ್ಯಾನ" ಎಂದು ನನ್ನ ಕೈ ಹಿಡಿದುಕೊಂಡಳು.

ನಾನು ಹೇಳಿದ್ದು ಸುಳ್ಳೆಂದು ಯಾವ ನ್ಯಾಯಾಧೀಶರೂ ಹೇಳಲಾರರು. ಆ ದಿನ ಹಾಸನದಲ್ಲಿ ಒಂದು ಹನಿಯೂ ಬೀಳಲಿಲ್ಲ. ಸಂಜೆ ಅಪ್ಪ ಪೆಟ್ಟಿಗೆಯ ಬಾಗಿಲು ಮುಚ್ಚಿ ಬರುವಾಗ ದೂರದಲ್ಲಿ ಆಕಾಶ ಮಸಿಯಾಗಿ, ಮಿಂಚು ಹೊಡೆಯುತ್ತಿತ್ತು. "ಎಲ್ಲೋ ಒಳ್ಳೆ ಮಳೆ" ಎಂದರು. ಅತ್ತೆ ಮಡಿಲಲ್ಲಿದ್ದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಜಗುಲಿಗೆ ಬಂದಳು.

"ಅದು ಯಾವ ದಿಕ್ಕಣ್ಣಯ್ಯ?"

"ತೆಂಕ್ಲು. ಹೊಳೆನರಸೀಪುರದ ಕಡೆ."

ಕೊನೆಯ ಬಸ್ಸು ಆಗಲೇ ಹೋಗಿತ್ತು. ಅತ್ತೆ ಜಗುಲಿಯ ಕಂಬಕ್ಕೆ ಒರಗಿ ಕೂತಳು, ಮಿಂಚು ನಿಲ್ಲುವವರೆಗೂ ಕೂತೇ ಇದ್ದಳು.

ಬೆಳಿಗ್ಗೆ ಅವಳು ನನ್ನನ್ನು ಕರೆದು ಕೂರಿಸಿಕೊಂಡು ಮೊಗ್ಗಿನ ಜಡೆ ಹಾಕಿದಳು. ಬೇಡ ಅತ್ತೆ ಎಂದೆ. "ಮಾತು ಕೊಟ್ಟಿದೀನಲ್ಲವ್ವ" ಎಂದಳು. ಒಂದು ಮೊಗ್ಗೂ ಸೊಟ್ಟಗಾಗಲಿಲ್ಲ. ಎಂಟೂವರೆಗೆ ಅಪ್ಪ ಮಳೆ ಅಳೆಯುವ ಪಾತ್ರೆ ತೆಗೆದು ನೋಡಿ ಪುಸ್ತಕದಲ್ಲಿ ಸೊನ್ನೆ ಬರೆದರು. ತಂತಿ ಕೊಟ್ಟು ಬಂದ ಮೇಲೆ ನಾವು ಮೂವರೂ ಬಸ್ಸು ಹತ್ತಿದೆವು. ಹೊಳೆದಂಡೆಯಲ್ಲಿ ಇಟ್ಟಿಗೆಯ ಸಾಲುಗಳೆಲ್ಲ ನೀರು ಬಿದ್ದ ಬೆಲ್ಲದಚ್ಚಿನ ಹಾಗೆ ಕರಗಿ ಒಂದಕ್ಕೊಂದು ಕೂಡಿಕೊಂಡಿದ್ದವು. ಗರಿಯ ಒಟ್ಟಿಲಿನ ಅಡಿಗೆ ಸಿಕ್ಕ ನಾಲ್ಕೈದು ಮಾತ್ರ ಉಳಿದಿದ್ದವು. ಅತ್ತೆ ಅಳಲಿಲ್ಲ. ಒಂದೇ ಮಾತು ಆಡಿದಳು. "ಅಡಗಿನೋರ್ಗೆ ಕಂಬ ನೆಟ್ಟು ಬುಟ್ಟಿ ತೋರಿಸ್ತೀರಿ. ನಮಗೆ ಬರೀ ಪದ ತೋರಿಸ್ತೀರಲ್ಲಣ್ಣಯ್ಯ."

ಅಪ್ಪ ತಲೆ ತಗ್ಗಿಸಿದರು. "ತಪ್ಪು ನಂದು ನಂಜಿ. ಬಿಡಿಸಿ ಬರೀಬೇಕಾಗಿತ್ತು." ನಾನು ಮೊಗ್ಗಿನ ಜಡೆ ಹೊತ್ತುಕೊಂಡು ಪಕ್ಕದಲ್ಲೇ ನಿಂತಿದ್ದೆ. ಬಿಸಿಲಿಗೆ ಮೊಗ್ಗು ಅರಳಿ ವಾಸನೆ ಬರುತ್ತಿತ್ತು. ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ನಿನ್ನ ಮಗಳು ಗಿರಿಜೆ ಹೇಳಿದ್ದಕ್ಕೆ ಉಳಿದುಕೊಂಡೆ ಎಂದು ಅತ್ತೆಯೂ ಹೇಳಬಹುದಿತ್ತು. ಅವಳು ನನ್ನನ್ನು ಒಂದು ಸಲ ನೋಡಿದಳು, ಅಷ್ಟೆ.

ಮುಂಗಾರು ಹಿಡಿಯಿತು, ಕೊಟ್ಟಿಗೆ ಎದ್ದಿತು. ಅತ್ತೆ ಟ್ರಂಕು ತೆಗೆದುಕೊಂಡು ನಮ್ಮ ಮನೆಗೆ ಬಂದಳು. ಟ್ರಂಕಿನಲ್ಲಿ ಸೀರೆಗಳ ನಡುವೆ ಈ ಇಟ್ಟಿಗೆ ಇತ್ತು. ಅವಳು ಬಂದದ್ದಕ್ಕೆ ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆ ವರ್ಷವೇ ಅಪ್ಪ ಹಲಗೆಯ ಪಕ್ಕ ಒಂದು ಉದ್ದನೆಯ ಬಿದಿರು ನೆಟ್ಟು, ಹಗ್ಗ ಕಟ್ಟಿ, ಒಂದು ಕರಿ ಮಡಕೆಯನ್ನು ತಂದು ಅತ್ತೆಯ ಕೈಗೆ ಕೊಟ್ಟರು. ಜಿಲ್ಲೆಯಲ್ಲಿ ಎಲ್ಲೇ ಮಳೆ ಬರುವ ಹಾಗಿದ್ದರೂ ಮಡಕೆ ಮೇಲೆ. ಇಲ್ಲದಿದ್ದರೆ ಕೆಳಗೆ. ಅಲ್ಲಿ ಇಲ್ಲಿ ಎಂಬ ಮಾತೇ ಇಲ್ಲ. ತಂತಿ ಬಂದ ಕೂಡಲೇ ಅಪ್ಪ ಹ್ಞೂಂ ಎಂದರೆ ಅತ್ತೆ ಸೆರಗು ಸಿಕ್ಕಿಸಿ ಹಗ್ಗ ಎಳೆಯುತ್ತಿದ್ದಳು. ನಗಿಸುತ್ತಿದ್ದ ಕಾಳಪ್ಪನೇ ಈಗ ಬಾಗಿಲಿಗೆ ಜೋತುಬಿದ್ದು "ಮಡಕೆ ಏರೈತೆ, ಒಣಾಕಿರೋದು ಒಳೀಕೆ ತಕ್ಕಳ್ರಪ್ಪೋ" ಎಂದು ದಂಡಿಗನಹಳ್ಳಿಯಿಂದ ಹಿರೀಸಾವೆಯವರೆಗೂ ಕೂಗಿಕೊಂಡು ಹೋಗುತ್ತಿದ್ದ. ಅತ್ತೆಯ ಇಟ್ಟಿಗೆಯ ಕಥೆ ಅವನ ಕಿವಿಗೂ ಬಿದ್ದಿತ್ತು. ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು ಮಾತ್ರ ಮಡಕೆ ನೋಡಿ ಹುಬ್ಬು ಗಂಟಿಕ್ಕಿದರು. "ಏನ್ರೀ ಇದು, ಸರ್ಕಾರಿ ಆಫೀಸಲ್ಲಿ ದೃಷ್ಟಿ ಮಡಕೆ?" ಅಂಕಿಯ ಒಂದು ಚುಕ್ಕೆ ತಪ್ಪಾದರೂ ಊಟ ಸೇರದ ನಮ್ಮಪ್ಪ ಕೈಕಟ್ಟಿ ನಿಂತು ಹೇಳಿದರು. "ಹೌದು ಸಾ. ದೃಷ್ಟಿಗೇ." ಕಣ್ಣಿಗೆ ಕಾಣಲೆಂದೇ ಕಟ್ಟಿದ್ದಲ್ಲವೇ, ಆ ಲೆಕ್ಕದಲ್ಲಿ ಅದೂ ನಿಜವೇ. ಮಡಕೆ ಉಳಿಯಿತು.

ಅಪ್ಪನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಅತ್ತೆಗೆ ಹೇಳಲು ಒಂದೇ ಸಲ ಹೊರಟಿದ್ದೆ. ನನ್ನ ಬಸುರಿಗೆ ಏಳು ತಿಂಗಳಾಗಿ ತವರಿಗೆ ಬಂದಿದ್ದಾಗ ಅವಳು ಮತ್ತೆ ಮೊಗ್ಗಿನ ಜಡೆ ಹಾಕುತ್ತಿದ್ದಳು. ಬೆನ್ನು ಅವಳ ಕಡೆಗಿದ್ದುದರಿಂದ ಧೈರ್ಯ ಬಂತು. "ಅತ್ತೆ, ಅವತ್ತು ಹಲಗೆ ಮುಂದೆ ನಾನು..." ಎಂದೆ. ಅವಳ ಬೆರಳು ಒಂದು ಕ್ಷಣ ನಿಂತಿತು. "ತಲೆ ಅಲ್ಲಾಡಿಸ್ಬ್ಯಾಡ ಕಣವ್ವ, ಜಡೆ ಸೊಟ್ಟಗಾಯ್ತದೆ" ಎಂದಳು. ಆಮೇಲೆ ಇನ್ನೊಂದು ಮೊಗ್ಗು ಪೋಣಿಸಿದಳು. ಅವಳಿಗೆ ಮೊದಲಿಂದಲೂ ಗೊತ್ತಿತ್ತು.

ಈಗ ಅವರಾರೂ ಇಲ್ಲ. ಅವ್ವ ಮೊದಲು, ಆಮೇಲೆ ಅಪ್ಪ, ಕೊನೆಗೆ ಅತ್ತೆ. ಬೇಲಿಯ ಆಚೆಯ ಆಫೀಸೂ ಈಚೆಯ ಮನೆಯೂ ಬಿದ್ದು, ಆ ಜಾಗದಲ್ಲಿ ಅಂಗಡಿ ಸಾಲು ಬಂದಿದೆ. ತನ್ನದೊಂದು ಗೋಡೆ ಅತ್ತೆ ಕಾಣಲಿಲ್ಲ. ಕಟ್ಟಬೇಕಿದ್ದ ಕೋಣೆಯಲ್ಲಿ ಉಳಿದದ್ದು ನನ್ನ ಕಿಟಕಿಯಲ್ಲಿರುವ ಇಷ್ಟು ಮಣ್ಣು. ಇಂದು ಮಧ್ಯಾಹ್ನ ಮೊಮ್ಮಗಳು ಫೋನು ನೋಡಿ, "ಅಜ್ಜಿ, ಜಿಲ್ಲೆಯ ಅಲ್ಲಲ್ಲಿ ಮಳೆಯಂತೆ. ಅಂದರೆ ಇಲ್ಲಿ ಬರುತ್ತಾ?" ಎಂದು ಕೇಳಿದಳು. ಹೊರಗೆ ಬಿಸಿಲು ಸುಡುತ್ತಿತ್ತು, ಮೋಡದ ಸುಳಿವೂ ಇರಲಿಲ್ಲ. ಬರುತ್ತೆ ಮಗಳೆ ಎಂದು ಹೇಳಿ, ಎದ್ದು ಹೋಗಿ ಇಟ್ಟಿಗೆಯನ್ನು ಒಳಗೆ ತಂದಿಟ್ಟೆ.