ಅಕ್ಕನ ಮುಖದ ಚೌಕಗಳು

ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೂ ಬೀದಿಯವರೆಲ್ಲ ಅವರನ್ನು ‘ರೈಟ್ ಮಾಮ’ ಎಂದೇ ಕರೆಯುತ್ತಿದ್ದರು. ಊಟ ಮುಗಿಸಿ ಏಳುವಾಗಲೂ ‘ರೈಟ್’ ಅನ್ನುವ ಮನುಷ್ಯನನ್ನು ಇನ್ನೇನೆಂದು ಕರೆದಾರು? ಈಗ ಅವರಿಗೆ ಹಿಡಿದಿದ್ದ ಹೊಸ ಹುಚ್ಚು, ಮನೆಯ ಕಂಪ್ಯೂಟರಿನಲ್ಲಿ ವಿಡಿಯೋಗಳನ್ನು ಡಿಸ್ಕಿಗೆ ಹಾಕುವುದು. ಆ ಕೆಲಸಕ್ಕೂ ರೈಟ್ ಮಾಡುವುದು ಎಂದೇ ಹೆಸರು ಅಂತ ತಿಳಿದಾಗ ಅವರಿಗಾದ ಹಿಗ್ಗು ಅಷ್ಟಿಷ್ಟಲ್ಲ.

ಹುಚ್ಚಿಗೆ ಕಾರಣ ಅವರ ಅಕ್ಕ. ನಿವೃತ್ತಿಯ ಸಮಾರಂಭದಲ್ಲಿ ಮನೆಮಂದಿಯೆಲ್ಲ ವೇದಿಕೆಯ ಮೇಲೆ ನಿಂತಾಗ ತನ್ನೊಬ್ಬಳನ್ನು ನಿಲ್ಲಗೊಡಲಿಲ್ಲ ಎಂದು ಮುನಿಸಿಕೊಂಡು ಅವರು ತಮ್ಮನ ಮನೆಗೆ ಬರುವುದನ್ನೇ ಬಿಟ್ಟಿದ್ದರು. ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಅವರ ದನಿ ಕೇಳದ ಮನೆ ಮಾಮನಿಗೆ ಬಿಕೋ ಎನ್ನುತ್ತಿತ್ತು. ಒಂದು ದಿನ ಸಮಾರಂಭದ ವಿಡಿಯೋ ಓಡುತ್ತಿದ್ದ ಕಂಪ್ಯೂಟರಿನ ಬೆಂಕಿಪೊಟ್ಟಣದಷ್ಟು ಕಿಟಕಿಯಲ್ಲಿ, ವೇದಿಕೆಯ ಮೇಲೆ ಅಕ್ಕನ ಹಸಿರು ಶಾಲು ಕಂಡದ್ದೇ ತಡ, ಫೋನು ಹಚ್ಚಿದರು.

“ಅಕ್ಕಾ, ನೀನು ವೇದಿಕೆ ಮೇಲೆ ಇದ್ದೀಯ. ಸಾಕ್ಷಿ ಸಿಕ್ಕಿದೆ.”

“ಆ ಡಬ್ಬಿಯೊಳಗೆ ಇಣುಕೋಕೆ ನಾನು ಬರಲ್ಲಪ್ಪ. ಟಿವಿಲಿ ಹಾಕು, ಎಲ್ಲರೂ ನೋಡ್ಲಿ. ಆಗ ಬರ್ತೀನಿ.”

ಡಿಸ್ಕಿಗೆ ರೈಟ್ ಮಾಡಿ ಟಿವಿಯಲ್ಲಿ ಹಾಕಿದರೆ ಚಿತ್ರ ಒಡೆದು ಅಕ್ಕ ಬರೀ ಚೌಕ ಚೌಕ. ಅವರಿಗೂ ಪಕ್ಕದ ಹೂಕುಂಡಕ್ಕೂ ವ್ಯತ್ಯಾಸವೇ ತಿಳಿಯದು. ಮಾಮ ಡಿಸ್ಕನ್ನು ಒರೆಸಿದರು, ತೊಳೆದರು, ಹಗ್ಗಕ್ಕೆ ನೇತುಹಾಕಿ ಒಣಗಿಸಿದರು. ವೈರು ಬದಲಿಸಿದರು. ರೈಟ್ ಆಗುವಾಗ ಕಂಪ್ಯೂಟರು ಅಲುಗಬಾರದು ಎಂದು ಯಾರೋ ಹೇಳಿದ್ದಕ್ಕೆ, ಮನೆಯವರೆಲ್ಲ ತುದಿಗಾಲಲ್ಲಿ ನಡೆಯಬೇಕೆಂದು ಕಟ್ಟಪ್ಪಣೆಯಾಯಿತು. ಹೆಂಡತಿ ಸೀನು ಬಂದಾಗಲೆಲ್ಲ ಹಿತ್ತಲಿಗೆ ಓಡಿದರು. ಅಕ್ಕ ಮಾತ್ರ ಚೌಕವಾಗಿಯೇ ಉಳಿದರು.

ಕೊನೆಗೆ ಹೆಂಡತಿಯೇ ಕೇಳಿದರು. “ಅಲ್ಲಾ ರೀ, ಆ ಒಂದು ಡಿಸ್ಕಲ್ಲಿ ಏನೇನು ತುಂಬಿದ್ದೀರಿ?”

“ಸಮಾರಂಭ ಪೂರ್ತಿ. ಆಮೇಲೆ ಡಿಪೋದವರ ಕ್ರಿಕೆಟ್ಟು, ನಮ್ಮ ಮೊಮ್ಮಗಳ ಶಾಲೆ ನಾಟಕ, ಪಕ್ಕದ್ಮನೆ ಮಗು ನಡೆಯೋಕೆ ಕಲಿತಿದ್ದು.”

“ಅಷ್ಟಕ್ಕೆಲ್ಲ ಜಾಗ ಇತ್ತಾ?”

“ಹಿಂದ್ಗಡೆ ಇತ್ತು.”

ಎಡವಟ್ಟಾಗಿದ್ದು ಅಲ್ಲಿಯೇ. ಜಾಗ ಸಾಲದಾದಾಗಲೆಲ್ಲ ಕಂಪ್ಯೂಟರು ‘ಚಿತ್ರದ ಗುಣಮಟ್ಟ ತಗ್ಗಿಸಲೇ?’ ಎಂದು ಕೇಳಿತ್ತು. ಬಸ್ಸಿಗೆ ಕೈ ಅಡ್ಡ ಹಿಡಿದ ಒಬ್ಬರನ್ನೂ ಬಿಟ್ಟುಹೋಗಿ ಗೊತ್ತಿಲ್ಲದ ಮಾಮ ಪ್ರತಿ ಸಲವೂ ಒಪ್ಪಿಗೆ ಒತ್ತಿದ್ದರು. ಈಗ ಕ್ರಿಕೆಟ್ಟನ್ನು ಇಳಿಸಿದರು, ನಾಟಕವನ್ನು ಇಳಿಸಿದರು. ಮಗುವನ್ನು ಇಳಿಸುವಾಗ ಕರುಳು ಚುರುಕ್ಕೆಂದಿತು. ವೇದಿಕೆಯ ದೃಶ್ಯವೊಂದನ್ನೇ ಹೊಸ ಡಿಸ್ಕಿನಲ್ಲಿ ಕಾಲು ಚಾಚಿ ಕೂರಿಸಿದರು. ತಾವು ಹಾಕಿ ನೋಡುವಷ್ಟೂ ತಡೆಯದೆ ಅಕ್ಕನಿಗೆ ಫೋನು ಹಚ್ಚಿದರು.

ಅಕ್ಕ ನೆಂಟರನ್ನೆಲ್ಲ ಕಟ್ಟಿಕೊಂಡೇ ಬಂದರು. ಚಿತ್ರ ಎಷ್ಟು ಚೊಕ್ಕವಾಗಿತ್ತೆಂದರೆ ಅಕ್ಕನ ಓಲೆಯ ಹರಳೂ ಕಾಣುತ್ತಿತ್ತು. ಅಕ್ಕ ನಗುತ್ತ ವೇದಿಕೆ ಹತ್ತಿದರು. ಅವರ ಬೆನ್ನ ಮೇಲೆ ಒಂದು ಕೈ ಬಿತ್ತು. ಕೈ ಮಾಮನದು. “ಮುಂದೆ ನಡೀರಿ, ಮುಂದೆ ನಡೀರಿ” ಎನ್ನುತ್ತ, ಯಾರೆಂದು ಮುಖ ಕೂಡ ನೋಡದೆ, ಅವರು ಅಕ್ಕನನ್ನು ಆಚೆಯ ಮೆಟ್ಟಿಲಿನಿಂದ ಸಲೀಸಾಗಿ ಕೆಳಗಿಳಿಸಿಬಿಟ್ಟರು.

ಮಾಮನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

“ತಪ್ಪಾಯ್ತಕ್ಕ.”

ಅಕ್ಕ ಅವರತ್ತ ತಿರುಗಲೇ ಇಲ್ಲ. ಟಿವಿಯನ್ನೇ ನೋಡುತ್ತಿದ್ದ ಅವರ ಮುಖ ಅರಳಿತ್ತು. “ಎಷ್ಟು ಚೆನ್ನಾಗಿ ಬಂದಿದೆ ಕಣೋ. ನಾನು ಹೇಳಿದ್ದನ್ನ ಒಬ್ಬರೂ ನಂಬಿರಲಿಲ್ಲ. ಇವರಿಗೆಲ್ಲ ಒಂದೊಂದು ಡಿಸ್ಕು ಮಾಡ್ಕೊಡು. ಅದು ಆಗೋವರೆಗೂ ನಾನು ಇಲ್ಲೇ ಇರ್ತೀನಿ.”

ಮಾಮ ಎದ್ದು ಹೋಗಿ ಹೊಸ ಡಿಸ್ಕು ಹಾಕಿದರು. ರೈಟ್ ಮಾಡುವ ವೇಗ ಎಷ್ಟಿರಲಿ ಎಂದು ಕಂಪ್ಯೂಟರು ಕೇಳಿತು. ಅವರು ಎಲ್ಲಕ್ಕಿಂತ ನಿಧಾನದ್ದನ್ನು ಒತ್ತಿದರು.